ನದಿ ದಡದ ಕೆಲಸಕ್ಕೆ ಒಮ್ಮೆ ಬಂದವರು ಮತ್ತೆ ಯಾಕೆ ಬರುವುದಿಲ್ಲ?

ಪ್ರಶ್ನೆ: ನಗರದ ನಡುವೆ ಹರಿಯುವ ನದಿಯ ದಡ ಸ್ವಚ್ಛ ಮಾಡಲು ಮೊದಲ ಸಲ ಕರೆದಾಗ 60 ಜನ ಬಂದರು. ಮೂರನೇ ಸಲಕ್ಕೆ ಬಂದವರು ಎಂಟೇ ಮಂದಿ. ಪೋಸ್ಟರ್, ವಾಟ್ಸ್ಆ್ಯಪ್ ಎಲ್ಲ ಆಯಿತು. ಜನ ಬಿಡದೆ ಬರಬೇಕಾದರೆ ಏನು ಮಾಡಬೇಕು?

ಉತ್ತರ: 60 ಜನ ಬಂದಿದ್ದರು ಅಂದಮೇಲೆ ನಿಮ್ಮ ಪ್ರಚಾರದಲ್ಲಿ ಕೊರತೆಯಿಲ್ಲ. ಬಂದವರು ಮರಳದಿದ್ದರೆ ಕಾರಣವನ್ನು ಆ ದಿನದ ಕೆಲಸದ ಏರ್ಪಾಟಿನಲ್ಲೇ ಹುಡುಕಬೇಕು. ಪೋಸ್ಟರಿನ ಬಣ್ಣ ಬದಲಿಸಿ ಪ್ರಯೋಜನವಿಲ್ಲ.

ಮೊದಲು ಕಸ ಒಯ್ಯುವ ಗಾಡಿ ಗೊತ್ತುಮಾಡಿ, ಆಮೇಲೆ ಜನರನ್ನು ಕರೆಯಿರಿ. ಹೆಚ್ಚಿನ ಗುಂಪುಗಳು ಎಡವುವುದು ಇಲ್ಲೇ. ತುಂಬಿದ ಚೀಲಗಳು ದಡದಲ್ಲೇ ಉಳಿದರೆ ನಾಯಿಗಳು ಅವನ್ನು ಹರಿದುಹಾಕುತ್ತವೆ, ಒಂದು ಮಳೆಗೆ ಅರ್ಧ ಕಸ ಮತ್ತೆ ನೀರಿಗೆ ಸೇರುತ್ತದೆ. ಬೆವರು ಸುರಿಸಿ ತುಂಬಿದ ಚೀಲ ಎರಡು ದಿನದ ನಂತರವೂ ಅಲ್ಲೇ ಬಿದ್ದಿರುವುದನ್ನು ಕಂಡವರು ಮುಂದಿನ ಸಲ ಫೋನ್ ಎತ್ತುವುದಿಲ್ಲ. ಚೀಲಗಳನ್ನು ಎಲ್ಲಿ ಇಡಬೇಕು, ಗಾಡಿ ಎಷ್ಟು ಹೊತ್ತಿಗೆ ಬರುತ್ತದೆ ಎಂಬುದನ್ನು ಸ್ಥಳೀಯ ಸಂಸ್ಥೆಯಿಂದ ಬರಹದಲ್ಲೇ ಪಡೆಯಿರಿ. ದಡದಲ್ಲಿ ಕೆಲಸ ಮಾಡುವ ಅನುಮತಿಯನ್ನೂ ಆಗಲೇ ಕೇಳಿ. ಕೆಲಸ ಮುಗಿಯುವ ಅರ್ಧ ಗಂಟೆ ಮೊದಲೇ ಗಾಡಿ ಬಂದು ನಿಂತರೆ ಒಳ್ಳೆಯದು. ತುಂಬಿದ ಗಾಡಿ ಹೊರಡುವುದು ಎಲ್ಲರ ಕಣ್ಣಿಗೂ ಬೀಳಬೇಕು.

ಎರಡನೆಯದು ಅಳತೆ. ಇಡೀ ನದಿಯನ್ನು ಹಿಡಿಯಬೇಡಿ, 100 ಮೀಟರ್ ದಡ ಗುರುತಿಸಿಕೊಳ್ಳಿ. ಯುರೋಪಿನ ಕಡಲತೀರಗಳ ಕಸದ ಸಮೀಕ್ಷೆಗೂ ಇದೇ ಅಳತೆ ಬಳಸುತ್ತಾರೆ. ಇಷ್ಟು ಉದ್ದಕ್ಕೆ 25ರಿಂದ 30 ಜನ ಸಾಕು. ಕಿರಿದಾದ ದಡದಲ್ಲಿ 60 ಜನ ಸೇರಿದರೆ ಅರ್ಧದಷ್ಟು ಮಂದಿ ಕೈಕಟ್ಟಿ ನಿಲ್ಲುತ್ತಾರೆ, ಮತ್ತೆ ಬಾರದವರಲ್ಲಿ ಅವರೇ ಮೊದಲಿಗರು. ಎಂಟು ಜನರ ತಂಡ ಮಾಡಿ: ನಾಲ್ವರು ಹೆಕ್ಕಲು, ಇಬ್ಬರು ಚೀಲ ಹಿಡಿಯಲು, ಒಬ್ಬರು ಎಣಿಸಿ ಬರೆಯಲು, ಒಬ್ಬರು ನೀರನ್ನೂ ಜನರನ್ನೂ ಗಮನಿಸಲು. ಈ ಕೊನೆಯವರು ಕಸ ಮುಟ್ಟಕೂಡದು. ಬಗ್ಗಿದವರಿಗೆ ಏರುವ ನೀರು ಕಾಣುವುದಿಲ್ಲ. ಒಟ್ಟು ಸಮಯ ಎರಡು ಗಂಟೆ. ಮೊದಲ 15 ನಿಮಿಷ ಸೂಚನೆಗೆ, ಕೊನೆಯ 20 ನಿಮಿಷ ತೂಕಕ್ಕೆ ಮತ್ತು ಕೈತೊಳೆಯಲು. ಕಸ ಉಳಿದಿದ್ದರೂ ಹೇಳಿದ ಹೊತ್ತಿಗೆ ನಿಲ್ಲಿಸಿ. "ಇನ್ನೊಂದು ಹತ್ತು ನಿಮಿಷ" ಎಂದು ಎಳೆದರೆ ಮುಂದಿನ ಸಲ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ.

ಸಲಕರಣೆಯಲ್ಲಿ ಜಿಪುಣತನ ಬೇಡ. ತೆಳ್ಳಗಿನ ಕಪ್ಪು ಕಸದ ಚೀಲ ಮುಳ್ಳಿಗೆ ಹರಿಯುತ್ತದೆ. ಹೆಣೆದ ಪ್ಲಾಸ್ಟಿಕ್ ಗೋಣಿಚೀಲದಿಂದ ನೀರು ಬಸಿದುಹೋಗುತ್ತದೆ, ತೊಳೆದು ಮತ್ತೆ ಬಳಸಬಹುದು. ಮೂರರಲ್ಲಿ ಎರಡು ಭಾಗವಷ್ಟೇ ತುಂಬಿಸಿ. ಕೆಸರು ಹಿಡಿದ ಬಟ್ಟೆಯ ಭಾರ ಎತ್ತುವವರ ಸೊಂಟಕ್ಕೇ ಗೊತ್ತು. ಕೈಗೆ ನೈಟ್ರೈಲ್ ಎಂಬ ಕೃತಕ ರಬ್ಬರಿನ ಲೇಪನವಿರುವ ಕೆಲಸದ ಕೈಗವಸು, ಕಾಲಿಗೆ ದಪ್ಪ ಅಟ್ಟೆಯ ಮುಚ್ಚಿದ ಬೂಟು ಇರಬೇಕು. ಚಪ್ಪಲಿಯಲ್ಲಿ ಬಂದವರನ್ನು ದಡಕ್ಕೆ ಇಳಿಸಬೇಡಿ, ಎಣಿಕೆಯ ಕೆಲಸ ಕೊಡಿ.

ಕೈಗವಸು ಸೂಜಿಯನ್ನು ತಡೆಯುವುದಿಲ್ಲ. ಚುಚ್ಚುಮದ್ದಿನ ಸೂಜಿ ಸಿಕ್ಕರೆ ಅದಕ್ಕೆ ಮುಚ್ಚಳ ಹಾಕಲು ಹೋಗಬಾರದು. ತಿರುಪು ಮುಚ್ಚಳದ ಗಟ್ಟಿ ಪ್ಲಾಸ್ಟಿಕ್ ಡಬ್ಬವನ್ನು ನೆಲದ ಮೇಲಿಟ್ಟು, ಇಕ್ಕಳದಿಂದ ಸೂಜಿ ಎತ್ತಿ ಅದರೊಳಗೆ ಹಾಕಬೇಕು. ಡಬ್ಬವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರೆ ಚುಚ್ಚುವುದು ಆ ಕೈಗೇ. ಒಳಗೇನಿದೆ ಎಂದು ತಿಳಿಯದ ಡ್ರಮ್ಮು, ಗ್ಯಾಸ್ ಸಿಲಿಂಡರ್, ಆಸ್ಬೆಸ್ಟಾಸ್ ಶೀಟಿನ ಚೂರು, ಸತ್ತ ಪ್ರಾಣಿ ಇವನ್ನು ಮುಟ್ಟದೆ ಜಾಗ ಗುರುತಿಸಿ, ಫೋಟೊ ತೆಗೆದು ಸ್ಥಳೀಯ ಸಂಸ್ಥೆಗೆ ತಿಳಿಸಿ.

ಜೋರು ಮಳೆಯಾದ ಮೇಲೆ ಕನಿಷ್ಠ ಎರಡು ದಿನ ದಡಕ್ಕಿಳಿಯಬೇಡಿ. ಚರಂಡಿಗಳು ಉಕ್ಕಿ ಮಲಿನ ನೀರು ನದಿ ಸೇರಿರುತ್ತದೆ. ಮೇಲ್ಭಾಗದಲ್ಲಿ ಮಳೆ ಸುರಿದರೆ, ಅಣೆಕಟ್ಟಿನಿಂದ ನೀರು ಬಿಟ್ಟರೆ, ನೀವಿರುವಲ್ಲಿ ಬಿಸಿಲಿದ್ದರೂ ಮಟ್ಟ ಏರಬಹುದು. ರಭಸದ ನೀರು 15 ಸೆಂಟಿಮೀಟರ್ ಇದ್ದರೂ ದೊಡ್ಡವರ ಕಾಲು ತಪ್ಪಿಸಬಲ್ಲದು. ಗಾಯವಿದ್ದವರು ನೀರು ಒಳಹೋಗದ ಪಟ್ಟಿ ಹಾಕಿಕೊಳ್ಳಬೇಕು, ಸೋಪು ಹಚ್ಚಿ ಕೈತೊಳೆಯದೆ ಏನೂ ತಿನ್ನಬಾರದು. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿಜ್ವರ ಬರುತ್ತದೆ, ಅದರ ಲಕ್ಷಣ ಕಾಣಿಸಲು 2ರಿಂದ 30 ದಿನ ಹಿಡಿಯಬಹುದು. ಅಷ್ಟರೊಳಗೆ ಜ್ವರ ಬಂದರೆ ನದಿ ದಡದಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳಿ ಎಂದು ಪ್ರತಿ ಸಲವೂ ನೆನಪಿಸಿ. ಇದನ್ನೆಲ್ಲ ಹೇಳಿದರೆ ಜನ ಹೆದರಿ ಬಾರದೇ ಹೋದಾರು ಎಂಬ ಅಂಜಿಕೆ ಬೇಡ. ಒಬ್ಬರಿಗೆ ಪೆಟ್ಟಾದ ಸುದ್ದಿ ಹಬ್ಬಿದರೆ ಆಗುವ ನಷ್ಟವೇ ದೊಡ್ಡದು.

ಉತ್ಸಾಹ ಅತಿಯಾದರೂ ನದಿಗೆ ಹಾನಿಯೇ. ದಡದ ಹುಲ್ಲು, ಪೊದೆಗಳನ್ನು "ಸ್ವಚ್ಛ"ವಾಗಿ ಬೋಳಿಸಿದರೆ ಮಣ್ಣು ಹಿಡಿದಿಡುವ ಬೇರೇ ಹೋಗುತ್ತದೆ. ನೀರಿಗೆ ಬಿದ್ದ ಮರದ ಕೊಂಬೆ ಮೀನಿಗೆ ಆಸರೆ, ಅದು ಕಸವಲ್ಲ. ದಡದೊಳಗೆ ಹೂತ ಟಯರನ್ನು ಎಳೆದರೆ ಮಣ್ಣೇ ಕುಸಿಯಬಹುದು, ಬಿಟ್ಟುಬಿಡಿ. ನೀರಿನ ಮೇಲೆ ತೇಲಿ ಹಬ್ಬುವ ಹಯಸಿಂತ್ ಕಳೆ ತೆಗೆಯುವುದಾದರೆ ತುಂಡಾಗದಂತೆ ಎತ್ತಿ, ನೀರು ಏರಿದರೂ ಮುಟ್ಟದಷ್ಟು ದೂರ ರಾಶಿ ಹಾಕಿ. ಉಳಿದ ತುಂಡುಗಳೇ ಮತ್ತೆ ಗಿಡವಾಗುತ್ತವೆ. ಕಾರ್ಖಾನೆ ತ್ಯಾಜ್ಯ ಸೇರುವ ನೀರಿನಲ್ಲಿ ಬೆಳೆದ ಕಳೆ ಸೀಸದಂಥ ವಿಷಕಾರಿ ಭಾರ ಲೋಹಗಳನ್ನು ಹೀರಿಕೊಂಡಿರುತ್ತದೆ, ಅದನ್ನು ಗೊಬ್ಬರಕ್ಕೆ ಹಾಕಬೇಡಿ.

ಈಗ ಜನರನ್ನು ಹಿಡಿದಿಡುವ ಸಂಗತಿ: ಎಣಿಕೆ. 1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲತೀರದಲ್ಲಿ ಸ್ವಯಂಸೇವಕರು ಕಸ ಹೆಕ್ಕುವುದರ ಜೊತೆಗೆ ಪ್ರತಿ ವಸ್ತುವನ್ನೂ ಬರೆದುಕೊಂಡರು. ಇಂದು ಹಲವು ದೇಶಗಳಲ್ಲಿ ನಡೆಯುವ ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ಕಾರ್ಯಕ್ರಮ ಬೆಳೆದದ್ದು ಅಲ್ಲಿಂದ. ನಿಮ್ಮ ಪಟ್ಟಿಯಲ್ಲಿ ಎಂಟು ಹತ್ತು ಬಗೆಗಳಷ್ಟೇ ಇರಲಿ: ಬಾಟಲಿ, ಪೊಟ್ಟಣದ ಪ್ಲಾಸ್ಟಿಕ್, ಬಟ್ಟೆ, ಥರ್ಮಾಕೋಲ್, ಗಾಜು, ಹೀಗೆ. 100 ಮೀಟರನ್ನು 20 ಮೀಟರಿನ ಐದು ತುಂಡು ಮಾಡಿ ಬೇರೆ ಬೇರೆ ಎಣಿಸಿ. ಮೂರ್ನಾಲ್ಕು ತಿಂಗಳಲ್ಲಿ ಕಸ ಯಾವ ಚರಂಡಿ ಬಾಯಿಂದ, ಯಾವ ಗೋಡೆಯ ಸಂದಿಯಿಂದ ಬರುತ್ತಿದೆ ಎಂಬುದು ಕಾಗದದ ಮೇಲೇ ಕಾಣುತ್ತದೆ. ಅದನ್ನು ಹಿಡಿದು ಜಾಲರಿ ಹಾಕಿಸಲು ಕೇಳಬಹುದು. ಹೆಕ್ಕಿದಷ್ಟೂ ಕಸ ಬರುತ್ತಲೇ ಇದ್ದರೆ ಯಾರಿಗಾದರೂ ಬೇಸರ ಬರುತ್ತದೆ. ಬರುವ ದಾರಿ ಮುಚ್ಚುವ ಕೆಲಸ ಶುರುವಾದರೆ ಅದೇ ಜನ ಕುತೂಹಲದಿಂದ ಬರುತ್ತಾರೆ.

ಬಗ್ಗಲಾಗದ ಹಿರಿಯರಿಗೆ ನೀರಿನ ಪರೀಕ್ಷೆ ಒಪ್ಪಿಸಿ. ಉಷ್ಣತೆ, ಕೆಸರಿನ ಪ್ರಮಾಣ, ಕರಗಿದ ಆಮ್ಲಜನಕ, ಈ ಮೂರು ಸಾಕು. ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಕೆಳಗಿಳಿದರೆ ಬಹಳಷ್ಟು ಮೀನುಗಳು ತತ್ತರಿಸುತ್ತವೆ. ಹಗಲಲ್ಲಿ ಜಲಸಸ್ಯಗಳು ಆಮ್ಲಜನಕ ಬಿಡುವುದರಿಂದ ಬೆಳಗಿನ ಅಂಕಿಯೂ ಮಧ್ಯಾಹ್ನದ ಅಂಕಿಯೂ ಹೊಂದುವುದಿಲ್ಲ, ಪ್ರತಿ ಸಲ ಒಂದೇ ಹೊತ್ತಿಗೆ ಅಳೆಯಬೇಕು.

ದಿನ ಬದಲಿಸಬೇಡಿ: ತಿಂಗಳ ಎರಡನೇ ಭಾನುವಾರ ಎಂದರೆ ಎರಡನೇ ಭಾನುವಾರವೇ. ಎರಡು ದಿನ ಮೊದಲು ಕಳಿಸುವ ಸಂದೇಶದಲ್ಲಿ ಸೇರುವ ಜಾಗ, ಮುಗಿಯುವ ಸಮಯ, ತೊಡಬೇಕಾದ ಬಟ್ಟೆ, ಹತ್ತಿರದ ಶೌಚಾಲಯ ಇಷ್ಟೂ ಇರಲಿ. ಶೌಚಾಲಯದ ಮಾತು ಬಿಟ್ಟುಹೋದರೆ ಹೆಂಗಸರ ಸಂಖ್ಯೆ ಕುಗ್ಗುವುದು ಖಂಡಿತ. ಮುಗಿದ ದಿನ ಸಂಜೆಯೊಳಗೆ ತೂಕ, ಎಣಿಕೆ, ಒಂದೇ ಜಾಗದಿಂದ ತೆಗೆದ ಮೊದಲಿನ ಮತ್ತು ನಂತರದ ಫೋಟೊ ಕಳಿಸಿ. ಮುಂದಿನ ಸಲ ಎಲ್ಲರಿಗೂ "ಬನ್ನಿ" ಎನ್ನುವ ಬದಲು ಒಬ್ಬೊಬ್ಬರಿಗೇ ಫೋನ್ ಮಾಡಿ, "ಈ ಸಲ ತಕ್ಕಡಿ ನಿಮ್ಮದು, ಪಟ್ಟಿ ಅವರದು" ಎಂದು ಹೆಸರು ಹಿಡಿದು ಹಂಚಿ. ಉಳಿದಿರುವ ಆ ಎಂಟು ಮಂದಿಯಿಂದಲೇ ಈ ಹಂಚಿಕೆ ಶುರುಮಾಡಿ. ಅವರಲ್ಲಿ ಮೂವರು ತಂಡದ ಮುಖಂಡರಾದರೆ 25 ಜನರನ್ನು ನಡೆಸಲು ಬೇಕಾದಷ್ಟಾಯಿತು.