ನಾಲ್ಕು ಗಾಲಿ ಇದ್ದರೂ ಟ್ರ್ಯಾಕ್ಟರ್ ನಿಲ್ಲುವುದು ಮೂರರ ಮೇಲೆ

ಹಳೇ ಅಮೆರಿಕನ್ ಟ್ರ್ಯಾಕ್ಟರಿನ ಫೋಟೊವನ್ನು ಮೊಬೈಲಿನಲ್ಲಿ ತೋರಿಸಿ ಗ್ಯಾರೇಜಿಗೆ ಬಂದವರು ಆಗಾಗ ಕೇಳುತ್ತಾರೆ: “ಇದೇನ್ ಸಾರ್, ಆಟೋ ಥರ ಇದೆ, ಬೀಳಲ್ವಾ?” ಮುಂದೆ ಎರಡು ಸಣ್ಣ ಗಾಲಿ, ಒಂದರ ಪಕ್ಕ ಒಂದು ಅಂಟಿಕೊಂಡ ಹಾಗೆ. ಕೆಲವಕ್ಕೆ ಒಂದೇ ಗಾಲಿ. ಹುಷಾರಿಲ್ಲದೆ ಓಡಿಸಿದರೆ ಬೀಳುತ್ತದೆ, ನಿಜ. ಆದರೆ ಮುಂದಿನ ಗಾಲಿಗಳು ದೂರ ದೂರ ಇರುವ ನಮ್ಮ ಅಗಲ ಆಕ್ಸಲ್ಲಿನ ಟ್ರ್ಯಾಕ್ಟರ್ ಬೀಳಲ್ಲ ಅನ್ನುವ ಧೈರ್ಯ ಎಲ್ಲಿಂದ ಬಂತು?

ಮೊದಲು ಆ ಆಕಾರ ಯಾಕೆ ಬಂತು ನೋಡೋಣ. 1917ರಲ್ಲಿ ಬಂದ ಫೋರ್ಡ್‌ಸನ್ ಟ್ರ್ಯಾಕ್ಟರಿಗೆ ನಾಲ್ಕು ಮೂಲೆಗೆ ನಾಲ್ಕು ಗಾಲಿ. ಉಳುಮೆಗೆ, ಬೆಲ್ಟ್ ಹಾಕಿ ಒಕ್ಕಣೆ ಯಂತ್ರ ತಿರುಗಿಸಲು ಅದು ಸಾಕಿತ್ತು. ಆದರೆ ಹೊಟ್ಟೆ ನೆಲಕ್ಕೆ ಹತ್ತಿರ, ಬೆಳೆ ಎದ್ದ ಮೇಲೆ ಹೊಲಕ್ಕೆ ಇಳಿಸುವ ಹಾಗಿಲ್ಲ. ಟ್ರ್ಯಾಕ್ಟರ್ ಕೊಂಡ ರೈತನೂ ಸಾಲಿನ ನಡುವಿನ ಕಳೆ ತೆಗೆಯುವ ಎಡೆಕುಂಟೆ ಹೊಡೆಯಲು ಕುದುರೆ ಸಾಕಲೇಬೇಕಿತ್ತು. ಆ ಕುದುರೆಯ ಕೆಲಸಕ್ಕೆಂದೇ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1924ರಲ್ಲಿ ಫಾರ್ಮಾಲ್ ಟ್ರ್ಯಾಕ್ಟರ್ ತಂದಿತು.

ಅದರ ಹಿಂದಿನ ಆಕ್ಸಲ್ ಎತ್ತರ. ಮುಂದಿನ ಜೋಡಿ ಗಾಲಿ ಎರಡು ಸಾಲಿನ ನಡುವೆ ಹೋಗುತ್ತಿತ್ತು, ಹಿಂದಿನ ಗಾಲಿಗಳು ಆ ಸಾಲುಗಳ ಹೊರಮಗ್ಗುಲಲ್ಲಿ. ಮೆಕ್ಕೆಜೋಳದ ಸಾಲಿನ ಅಂತರ ಆಗ 40–42 ಇಂಚು, ಕುದುರೆ ನಡೆಯುವಷ್ಟು. ಕುಂಟೆಯನ್ನು ಡ್ರೈವರಿನ ಮುಂದೆ, ಎಂಜಿನ್ನಿನ ಎರಡೂ ಮಗ್ಗುಲಿಗೆ ಕಟ್ಟುತ್ತಿದ್ದರು. ಸಸಿ ಕಣ್ಣೆದುರಿಗೇ ಕಾಣುತ್ತಿತ್ತು. ಅಲ್ಲಿ ಅಗಲ ಆಕ್ಸಲ್ ಇದ್ದಿದ್ದರೆ ಕುಂಟೆಗೂ ಅಡ್ಡ, ಬೆಳೆಗೂ ಅಡ್ಡ. ಸಾಲಿನ ಕೊನೆಯಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಆ ಬದಿಯ ಹಿಂದಿನ ಬ್ರೇಕ್ ತಾನಾಗಿ ಹಿಡಿಯುತ್ತಿತ್ತು. ಗಾಡಿ ನಿಂತಲ್ಲೇ ಗಿರಕಿ ಹೊಡೆದು ಪಕ್ಕದ ಸಾಲಿಗೆ ಬರುತ್ತಿತ್ತು.

ಜಾನ್ ಡೀರ್ ತನ್ನ ಮಾಡೆಲ್ ಬಿ ಟ್ರ್ಯಾಕ್ಟರಿಗೆ ಹೆಸರಲ್ಲೇ ಗುರುತು ಇಟ್ಟಿತ್ತು: ಬರೀ ಬಿ ಅಂದರೆ ಜೋಡಿ ಗಾಲಿ, ಬಿಎನ್ ಅಂದರೆ ಒಂಟಿ, ಬಿಡಬ್ಲ್ಯು ಅಂದರೆ ಅಗಲ ಆಕ್ಸಲ್. ಒಂಟಿ ಗಾಲಿ ತರಕಾರಿಯಂಥ ಇಕ್ಕಟ್ಟು ಸಾಲಿಗೆ. ಜೋಡಿ ಗಾಲಿಯಲ್ಲಿ ಒಂದು ತೊಂದರೆ: ಒಂದು ಗಾಲಿ ಕಲ್ಲು ಹತ್ತಿದರೆ ಇಡೀ ಮೂತಿ ಅಷ್ಟೂ ಎತ್ತರಕ್ಕೆ ನೆಗೆಯುತ್ತಿತ್ತು. 1947ರಲ್ಲಿ ಡೀರ್ ತಂದ ರೋಲ್-ಓ-ಮ್ಯಾಟಿಕ್‌ನಲ್ಲಿ ಎರಡೂ ಗಾಲಿಯನ್ನು ಗೇರಿನಿಂದ ಜೋಡಿಸಿದ್ದರು. ಒಂದು ಮೇಲೆದ್ದರೆ ಇನ್ನೊಂದು ಕೆಳಗೆ ಒತ್ತುತ್ತಿತ್ತು, ಮೂತಿ ಅರ್ಧದಷ್ಟೇ ಏಳುತ್ತಿತ್ತು. ನನ್ನ ಮಟ್ಟಿಗೆ ಆ ಕಾಲದ ಚಂದದ ಕೆಲಸಗಳಲ್ಲಿ ಅದೂ ಒಂದು.

ಈಗ ಬೀಳುವ ಮಾತು. ಅಗಲ ಆಕ್ಸಲ್ ಟ್ರ್ಯಾಕ್ಟರಿನ ಬಾಡಿಯ ಜೊತೆ ಬಿಗಿಯಾಗಿ ಕೂತಿರುವುದಿಲ್ಲ. ನಡುವೆ ಒಂದು ಸೆಂಟರ್ ಪಿನ್, ಅದರ ಮೇಲೆ ತಕ್ಕಡಿಯ ದಂಡಿಗೆಯ ಹಾಗೆ ಆಡುತ್ತದೆ. ಹಾಗೆ ಆಡದಿದ್ದರೆ ಹಳ್ಳದಿಣ್ಣೆಯಲ್ಲಿ ಒಂದು ಗಾಲಿ ಗಾಳಿಯಲ್ಲೇ ಇರುತ್ತಿತ್ತು. ಅಂದರೆ ಬಾಡಿಯನ್ನು ಹೊತ್ತಿರುವುದು ಮೂರೇ ಕಡೆ: ಎರಡು ಹಿಂದಿನ ಗಾಲಿ, ಮುಂದೆ ಆ ಪಿನ್. ಬದುವಿನ ಮೇಲೆ ಟ್ರ್ಯಾಕ್ಟರ್ ಓರೆಯಾದಾಗ ಮುಂದಿನ ಎರಡೂ ಗಾಲಿ ನೆಲ ಕಚ್ಚಿಕೊಂಡೇ ಇರುತ್ತವೆ, ಬಾಡಿ ಮಾತ್ರ ಪಿನ್ ಮೇಲೆ ವಾಲುತ್ತದೆ. ವಾಲಿ ವಾಲಿ ಆಕ್ಸಲ್ ಹೋಗಿ ಅದನ್ನು ತಡೆಯುವ ಸ್ಟಾಪಿಗೆ ತಾಗಿದ ಮೇಲಷ್ಟೇ ಆ ಅಗಲ ಕೆಲಸಕ್ಕೆ ಬರುತ್ತದೆ. ಅಷ್ಟರಲ್ಲಿ ಗಾಡಿಗೆ ಬೀಳುವ ವೇಗ ಬಂದಿದ್ದರೆ ಏನೂ ಉಪಯೋಗವಿಲ್ಲ. ಪಿನ್ ನೆಲದಿಂದ ಎತ್ತರದಲ್ಲಿರುವುದರಿಂದ ಜೋಡಿ ಗಾಲಿಗಿಂತ ಇದು ಸ್ವಲ್ಪ ವಾಸಿ. ಸ್ವಲ್ಪ ಮಾತ್ರ. ಮುಂದೆ ಲೋಡರ್ ಕಟ್ಟಿ ಮಣ್ಣು ಎತ್ತರಕ್ಕೆ ಎತ್ತಿದರೆ ಎರಡೂ ಅಪಾಯವೇ. ಹಿಂದಕ್ಕೆ ಮಗುಚುವುದಕ್ಕಂತೂ ಮುಂದಿನ ಗಾಲಿಯ ಅಗಲ ಲೆಕ್ಕಕ್ಕೇ ಇಲ್ಲ.

ಜೋಡಿ ಗಾಲಿ ಮರೆಯಾಗಿದ್ದು ಬರೀ ಬೀಳುವ ಭಯಕ್ಕಲ್ಲ. 1939ರ ಫೋರ್ಡ್ 9ಎನ್ ಟ್ರ್ಯಾಕ್ಟರಿನಲ್ಲಿ, ಸಲಕರಣೆಯನ್ನು ಹಿಂದೆ ಕಟ್ಟಿ ಎತ್ತಿಳಿಸುವ ಹ್ಯಾರಿ ಫರ್ಗುಸನ್ನರ ಹೈಡ್ರಾಲಿಕ್ ಬಂತು, ಸಲಕರಣೆ ಹಿಂದಕ್ಕೆ ಹೋಯಿತು. ಮುಂದೆ ಆಕ್ಸಲ್ ಅಗಲವಿದ್ದರೂ ಅಡ್ಡಿಯಾಗಲಿಲ್ಲ. ಆಮೇಲೆ ಕಳೆನಾಶಕ ಬಂದು ಎಡೆಕುಂಟೆಯೇ ಕಮ್ಮಿಯಾಯಿತು. ಫಾರ್ಮಾಲ್ ಮಾಡಿದ ಅದೇ ಕಂಪನಿಯ ಜೊತೆ ಸೇರಿ ಮಹೀಂದ್ರ 1963ರಲ್ಲಿ ಟ್ರ್ಯಾಕ್ಟರ್ ಕಂಪನಿ ಕಟ್ಟಿ ಬಿ-275 ತಂದಾಗ ನಮಗೆ ಸಿಕ್ಕಿದ್ದು ಅಗಲ ಆಕ್ಸಲ್ಲೇ.

ಅಂಥ ಹಳೇ ಗಾಡಿ ನಿಮ್ಮಲ್ಲಿದ್ದರೆ ಆ ಸೆಂಟರ್ ಪಿನ್ ಒಮ್ಮೆ ನೋಡಿ. ಹಿಂದಿನ ಗಾಲಿಗೆ ಕಲ್ಲು ಕೊಡಿ. ಜಾಕನ್ನು ಆಕ್ಸಲ್ಲಿಗಲ್ಲ, ಅದರ ಮೇಲೆ ಪಿನ್ ಹಿಡಿದಿರುವ ಬ್ರಾಕೆಟ್ಟಿಗೆ ಕೊಟ್ಟು ಎತ್ತಿ, ಕೆಳಗೆ ಗಟ್ಟಿ ದಿಮ್ಮಿ ಇಡಿ. ಆಕ್ಸಲ್ ಈಗ ನೇತಾಡುತ್ತದೆ. ಬ್ರಾಕೆಟ್ಟಿಗೂ ಆಕ್ಸಲ್ಲಿಗೂ ನಡುವೆ ಹಾರೆ ತೂರಿಸಿ ಮೀಟಿದಾಗ ಟಕ್ ಟಕ್ ಎಂದು ಮೇಲೆ ಕೆಳಗೆ ಆಡಿದರೆ ಪಿನ್ನೋ ಅದರ ಸುತ್ತಲಿನ ಬುಷ್ಷೋ ಸವೆದಿದೆ. ಆಮೇಲೆ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಬರೀ ಹಬ್, ಅಂದರೆ ಗಾಲಿಯ ನಡುಭಾಗ, ಆಡಿದರೆ ಸವೆದಿರುವುದು ಬೇರಿಂಗ್; ಹಬ್ಬಿನ ಜೊತೆ ಅದರ ಹಿಂದಿನ ಸ್ಪಿಂಡಲ್ಲೂ ಆಡಿದರೆ, ಸ್ಟೀರಿಂಗ್ ತಿರುಗಿಸಿದಾಗ ಗಾಲಿ ಹೊರಳುವ ಕಿಂಗ್ ಪಿನ್ನಿನ ಬುಷ್. ಗ್ರೀಸ್ ತುಂಬುವ ನಿಪ್ಪಲ್ ಮಣ್ಣು ಕಟ್ಟಿ ಮುಚ್ಚಿರುವುದೇ ಜಾಸ್ತಿ, ಅದನ್ನು ಬಿಚ್ಚಿ ತೊಳೆದು ಮೊದಲು ಹೊಸ ಗ್ರೀಸ್ ಒಳಗೆ ಹೋಗುತ್ತದಾ ನೋಡಿ.