ಮನೆವಾಹನದ ತೂಬು

ಅಮೆರಿಕದ ಹೆದ್ದಾರಿಗಳಲ್ಲಿ ಓಡಾಡುವ ಆರ್‌ವಿ ಎಂಬ ಮನೆವಾಹನಗಳ ಅಡಿಯಲ್ಲಿ ಶೌಚದ ನೀರಿಗೆ ‘ಕಪ್ಪು’ ಟ್ಯಾಂಕು, ಸ್ನಾನ ಮತ್ತು ಪಾತ್ರೆ ತೊಳೆದ ನೀರಿಗೆ ‘ಬೂದು’ ಟ್ಯಾಂಕು ಇರುತ್ತವೆ. ಕೆರೆಯ ತೂಬಿನಂತೆ ಅವುಗಳ ಬಾಯಿಯನ್ನು ಕಾಯುವುದು ಎರಡು ರಬ್ಬರ್ ಸೀಲುಗಳ ನಡುವೆ ಜಾರುವ ತೆಳುವಾದ ಫಲಕವಿರುವ ಒಂದು ಕವಾಟ.

ಕಪ್ಪು ಟ್ಯಾಂಕಿನ ಕವಾಟದ ವ್ಯಾಸ ಸಾಮಾನ್ಯವಾಗಿ 3 ಇಂಚು. ಅದರ ಹಿಂದೆ 30 ಸೆಂ.ಮೀ. ಎತ್ತರಕ್ಕೆ ನೀರು ನಿಂತರೂ ಫಲಕದ ಮೇಲೆ ಬೀಳುವ ಬಲ ಸುಮಾರು 1.4 ಕಿಲೋ ತೂಕದಷ್ಟೇ. ಆದ್ದರಿಂದ ಕವಾಟ ಸೋರಿದರೆ ನೀರಿನ ಒತ್ತಡವನ್ನು ದೂರುವಂತಿಲ್ಲ; ಫಲಕದ ಅಂಚು ಕೂರಬೇಕಾದ ತೋಡಿನಲ್ಲಿ ಸಿಕ್ಕಿಕೊಂಡ ಕಾಗದದ ಚೂರೋ ಒಣಗಿದ ಮಲವೋ ಅದನ್ನು ಕೊನೆಯವರೆಗೂ ಮುಚ್ಚಲು ಬಿಡದಿರುವುದೇ ಹೆಚ್ಚಿನ ಸಲ ಕಾರಣ. ಕಪ್ಪು ಟ್ಯಾಂಕಿನ ಕವಾಟವನ್ನು ಸದಾ ತೆರೆದಿಟ್ಟರೆ ದ್ರವವೆಲ್ಲ ಹರಿದುಹೋಗಿ ಘನಪದಾರ್ಥ ಒಳಗೇ ಗುಡ್ಡೆ ಕಟ್ಟುತ್ತದೆ. ಟ್ಯಾಂಕು ಮೂರನೇ ಎರಡು ಭಾಗವಾದರೂ ತುಂಬುವವರೆಗೆ ಕಾದು ಒಮ್ಮೆಲೇ ತೆರೆದರೆ ನೀರಿನ ರಭಸವೇ ಕೊಳೆಯನ್ನು ಸೆಳೆದೊಯ್ಯುತ್ತದೆ. ಆಮೇಲೆ ಬೂದು ಟ್ಯಾಂಕನ್ನು ಬಿಟ್ಟರೆ ಕೊಳವೆಯೂ ತೊಳೆದಂತಾಗುತ್ತದೆ.

ಫಲಕವನ್ನು ಎಳೆದು ತೆರೆಯುವ ಹಿಡಿ ಬಿಗಿಯಾದಾಗ ಬಲವಂತವಾಗಿ ಎಳೆಯುವುದು ದೊಡ್ಡ ತಪ್ಪು, ಏಕೆಂದರೆ ಅದರಿಂದ ಸೀಲು ಮಡಚಿಕೊಳ್ಳಬಹುದು, ಇಲ್ಲವೇ ಹಿಡಿಗೂ ಫಲಕಕ್ಕೂ ನಡುವಿನ ಕೇಬಲ್ಲು ಕಿತ್ತುಬರಬಹುದು. ಫಲಕ ಸರಾಗವಾಗಿ ಜಾರಲು ಸಿಲಿಕೋನ್ ಗ್ರೀಸು ಹೊಂದುತ್ತದೆ. ಪೆಟ್ರೋಲಿಯಂ ಮೂಲದ ಎಣ್ಣೆಗಳು ಹಲವು ಬಗೆಯ ರಬ್ಬರನ್ನು ಉಬ್ಬಿಸಿ ಕೆಡಿಸುವುದರಿಂದ ಅವುಗಳನ್ನು ದೂರವಿಡುವುದೇ ಲೇಸು. ಚಳಿಗಾಲದಲ್ಲಿ ಹೆಪ್ಪುಗಟ್ಟುವ ನೀರು ಸುಮಾರು ಶೇ. 9ರಷ್ಟು ಹಿಗ್ಗುವುದರಿಂದ, ಕವಾಟದೊಳಗೆ ಉಳಿದ ಸ್ವಲ್ಪ ನೀರೂ ಪ್ಲಾಸ್ಟಿಕ್ಕನ್ನು ಸೀಳಬಲ್ಲದು.

ತೊಳೆದರೂ ಸೋರಿಕೆ ನಿಲ್ಲದಿದ್ದರೆ ಕವಾಟವನ್ನು ಬದಲಾಯಿಸಬೇಕು. ಈ ಕೆಲಸ ಹೆದರಿಸುವಷ್ಟು ಕಷ್ಟದ್ದಲ್ಲ. ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ತೊಳೆದು, ಕೈಗವಸು ತೊಟ್ಟು, ಕೆಳಗೊಂದು ಬಕೆಟ್ ಇಟ್ಟು, ಕವಾಟದ ಎರಡು ಬದಿಯ ಚಾಚುಪಟ್ಟಿಗಳನ್ನು (ಕೊಳವೆಯ ತುದಿಯ ಅಗಲವಾದ ಅಂಚುಗಳನ್ನು) ಹಿಡಿದಿಡುವ ನಾಲ್ಕು ಬೋಲ್ಟುಗಳನ್ನು ಬಿಚ್ಚಿದರೆ ಹಳೆಯ ಕವಾಟ ಹೊರಗೆ ಜಾರುತ್ತದೆ. ಹಳೆಯ ಸೀಲುಗಳನ್ನು ಮತ್ತೆ ಬಳಸಬಾರದು. ಹೊಸ ಕವಾಟವನ್ನು ನಡುವೆ ತೂರಿಸುವಾಗ ಹೊಸ ಸೀಲುಗಳು ತಮ್ಮ ಜಾಗದಿಂದ ಸರಿಯದಂತೆ ಬೆರಳಿನಿಂದ ತಡವಿ ನೋಡಬೇಕು. ದುರಸ್ತಿ ಕೆಡುವುದು ಹೆಚ್ಚಾಗಿ ಇಲ್ಲಿಯೇ. ಬೋಲ್ಟುಗಳನ್ನು ಒಂದು ಮೂಲೆಯಿಂದ ಎದುರು ಮೂಲೆಗೆ ಎಂಬ ಕ್ರಮದಲ್ಲಿ ಸ್ವಲ್ಪಸ್ವಲ್ಪವೇ ಬಿಗಿದು, ಟ್ಯಾಂಕಿಗೆ ಶುದ್ಧ ನೀರು ತುಂಬಿ, ಕೆಲವು ಗಂಟೆ ಬಿಟ್ಟು ಜೋಡಣೆಯ ಕೆಳಗೆ ಒಣ ಬಟ್ಟೆ ಒತ್ತಿ ಪರೀಕ್ಷಿಸಿದ ಮೇಲೆಯೇ ಪ್ರಯಾಣಕ್ಕೆ ಹೊರಡಬೇಕು.