ಎಳೆ ನಾಯಿಯ ಕೂದಲು ಉದುರಿದಾಗ: ನುಸಿ ಕಂಡರೆ ಏನು, ಕಾಣದಿದ್ದರೆ ಏನು

ಪಶುಸಂಗೋಪನೆ ಡಿಪ್ಲೊಮಾ ಓದುತ್ತಾ ಧಾರವಾಡ, ಗದಗ ಕಡೆಯ ಪಶು ಆಸ್ಪತ್ರೆಗಳಲ್ಲಿ ಪ್ರಾಕ್ಟಿಕಲ್‌ಗೆ ನಿಂತಿರುವ ನನ್ನಂಥವರಿಗೆ ಈ ಟಿಪ್ಪಣಿ. ಚರ್ಮದ ಪದರಗಳು, ನುಸಿಗಳ ವರ್ಗೀಕರಣ ಎಲ್ಲ ನಿಮ್ಮ ನೋಟ್ಸಿನಲ್ಲೂ ಇರುತ್ತವೆ. ಅವನ್ನು ಬಿಡುತ್ತೇನೆ.

ನನ್ನ ತಲೆ ತಿಂದದ್ದು ಒಂದೇ ವಿಷಯ. ಕೂದಲು ಉದುರಿಸುವ ಡೆಮೊಡೆಕ್ಸ್ ನುಸಿ ಆರೋಗ್ಯವಾಗಿರುವ ನಾಯಿಯ ಮೈಯಲ್ಲೂ ಇರುತ್ತೆ ಅಂತ ಓದುತ್ತೇವೆ. ಆದರೂ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಲೈಡಿನಲ್ಲಿ ಅದು ಕಂಡರೆ ರೋಗ ಅಂತ ಬರೆಯುತ್ತೇವೆ. ವಿಪರೀತ ತುರಿಕೆ ತರುವ ಸಾರ್ಕಾಪ್ಟಿಸ್ ನುಸಿ ಆರೋಗ್ಯವಂತ ನಾಯಿಯಲ್ಲಿ ಇರಲೇಬಾರದು. ಆದರೆ ಸ್ಲೈಡಿನಲ್ಲಿ ಅದು ಕಾಣದಿದ್ದರೂ ಡಾಕ್ಟರು ಔಷಧ ಶುರು ಮಾಡುತ್ತಾರೆ. ಒಂದಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು. ಇದು ಹೊಂದೋದು ಹೇಗೆ?

ಎಲ್ಲಿರುತ್ತವೆ, ಎಷ್ಟಿರುತ್ತವೆ

ಡೆಮೊಡೆಕ್ಸ್ ಕೇನಿಸ್ ಕೂದಲ ಬುಡದ ಗುಳಿಯೊಳಗೆ ತಲೆ ಕೆಳಗೆ ಮಾಡಿಕೊಂಡು ಬದುಕುತ್ತದೆ. ಉದ್ದ ಸುಮಾರು 0.2 ಮಿಲಿಮೀಟರ್. ಮೈ ಚುಟ್ಟಾದ ಹಾಗೆ ನೀಳ. ಮೊಟ್ಟೆಯಿಂದ ದೊಡ್ಡದಾಗುವವರೆಗೆ 20ರಿಂದ 35 ದಿನ, ಅಷ್ಟೂ ನಾಯಿಯ ಮೈಯಲ್ಲೇ. ಮರಿ ಹುಟ್ಟಿದ ಮೊದಲ ಎರಡು ಮೂರು ದಿನ ತಾಯಿಯ ಮೊಲೆಗೆ ಅಂಟಿಕೊಂಡು ಹಾಲು ಕುಡಿಯುವಾಗ ಇದು ದಾಟಿಕೊಳ್ಳುತ್ತದೆ. ಆಮೇಲೆ ಒಂದು ನಾಯಿಯಿಂದ ಇನ್ನೊಂದಕ್ಕೆ ಹತ್ತುವ ರೋಗ ಅಂತ ಇದನ್ನು ಎಣಿಸುವುದಿಲ್ಲ.

ಹಾಗಾಗಿ ಅಣ್ಣಿಗೇರಿ ಕಡೆಯಿಂದ ಮುಧೋಳ ಜಾತಿಯ ನಾಯಿಮರಿ ತಂದವರು "ಬೀದಿ ನಾಯಿ ಕೂಡ ಆಡಿ ಹತ್ತಿಸ್ಕೊಂಡೈತಿ ನೋಡ್ರಿ ಸಾಹೇಬ್ರ" ಅಂದರೆ, ಡೆಮೊಡೆಕ್ಸ್ ಮಟ್ಟಿಗೆ ಆ ಮಾತು ಸರಿಯಲ್ಲ. ಎಲ್ಲಿಂದ ಬಂತು ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಮೊದಲೇ ಇದ್ದದ್ದು ಈಗ ಯಾಕೆ ಹೆಚ್ಚಾಯಿತು ಅನ್ನೋದು ಪ್ರಶ್ನೆ. ಎಳೆ ನಾಯಿಯಲ್ಲಿ ರೋಗ ತಡೆಯುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ವಂಶದಿಂದ ಬಂದ ದೌರ್ಬಲ್ಯ ಇರಬಹುದು. ಹೊಟ್ಟೆಯಲ್ಲಿ ಜಂತುಹುಳು, ಬರೀ ರೊಟ್ಟಿ-ಹಾಲಿನ ಮೇವು, ಹೆಣ್ಣಾದರೆ ಮೊದಲ ಬೆದೆ, ಎಲ್ಲಕ್ಕಿಂತ ಹೆಚ್ಚಾಗಿ ಯಾರೋ ಹಾಕಿದ ಸ್ಟೆರಾಯ್ಡ್ ಸೂಜಿ. ಇವುಗಳಲ್ಲಿ ಯಾವುದಾದರೂ ಸಾಕು, ಹತ್ತಿಪ್ಪತ್ತು ಇದ್ದ ನುಸಿ ಸಾವಿರಗಟ್ಟಲೆ ಆಗುತ್ತವೆ.

ಸಾರ್ಕಾಪ್ಟಿಸ್ ಹಾಗಲ್ಲ. ಗುಂಡಗೆ, ಮೋಟು ಕಾಲು. ಹೆಣ್ಣು ನುಸಿ ಚರ್ಮದ ಮೇಲ್ಪದರದಲ್ಲಿ ಸುರಂಗ ಕೊರೆದು ಮೊಟ್ಟೆ ಇಡುತ್ತದೆ. ಇದು ಪಕ್ಕಾ ಅಂಟುರೋಗ. ಇಲ್ಲಿನ ತುರಿಕೆ ಹೆಚ್ಚಾಗಿ ನುಸಿಗೆ ಮೈ ತೋರಿಸುವ ಅಲರ್ಜಿ. ಅದಕ್ಕೇ ಮೈಮೇಲೆ ನುಸಿ ಬೆರಳೆಣಿಕೆಯಷ್ಟಿದ್ದರೂ ನಾಯಿ ರಾತ್ರಿಯಿಡೀ ಕೆರೆದುಕೊಳ್ಳಬಹುದು.

ನನ್ನ ಗಂಟು ಬಿಚ್ಚಿದ್ದು ಇಲ್ಲೇ. ಡೆಮೊಡೆಕ್ಸ್ ರೋಗ ಅಂದರೆನೇ ಸಂಖ್ಯೆ ಏರಿದೆ ಅಂತ. ಆದ್ದರಿಂದ ಸರಿಯಾಗಿ ಕೆರೆದರೆ ಸಿಕ್ಕೇ ಸಿಗುತ್ತದೆ. ಸಾರ್ಕಾಪ್ಟಿಸ್ ರೋಗಕ್ಕೆ ಸಂಖ್ಯೆ ಬೇಕಿಲ್ಲ. ಆದ್ದರಿಂದ ಎಷ್ಟು ಕೆರೆದರೂ ತಪ್ಪಿಸಿಕೊಳ್ಳಬಹುದು. ಸಂಜೆ ಹೊತ್ತು ಹುಬ್ಬಳ್ಳಿಯ ದುರ್ಗದಬೈಲ್ ಮಾರುಕಟ್ಟೆಯಲ್ಲಿ ಜನರನ್ನು ಹುಡುಕುವುದು ಮೊದಲನೆಯದು, ಅದೇ ಗದ್ದಲದಲ್ಲಿ ಒಬ್ಬ ಜೇಬುಗಳ್ಳನನ್ನು ಹುಡುಕುವುದು ಎರಡನೆಯದು.

ಈಗ ಸ್ಲೈಡ್ ಓದೋಣ. ಆರೋಗ್ಯವಂತ ನಾಯಿಯಲ್ಲಿ ಡೆಮೊಡೆಕ್ಸ್ ಇರುತ್ತದೆ ನಿಜ, ಆದರೆ ಎಷ್ಟು ಕಡಿಮೆ ಅಂದರೆ ಸಾಮಾನ್ಯವಾಗಿ ಕೆರೆತಕ್ಕೆ ಸಿಗುವುದೇ ಇಲ್ಲ. ಒಂದೇ ಒಂದು ಸಿಕ್ಕಿತಾ? ಸುಮ್ನೆ ಬಿಡಬೇಡಿ, ಇನ್ನೂ ನಾಲ್ಕು ಕಡೆ ಕೆರೆದು ನೋಡಿ. ಒಂದಕ್ಕಿಂತ ಹೆಚ್ಚು ಸಿಕ್ಕರೆ, ಅದರಲ್ಲೂ ನುಸಿಯ ಮೊಟ್ಟೆ, ಮರಿ ಕಂಡರೆ, ರೋಗ ಅಂತಲೇ ಹಿಡಿಯಬೇಕು. ಹಲವು ಕಡೆ ಆಳವಾಗಿ ಕೆರೆದೂ ಏನೂ ಸಿಗಲಿಲ್ಲವಾದರೆ ಡೆಮೊಡೆಕ್ಸ್ ಅಲ್ಲ ಅನ್ನೋದಕ್ಕೆ ಬಲ ಬರುತ್ತದೆ. ಸಾರ್ಕಾಪ್ಟಿಸ್‌ನಲ್ಲಿ ಇದು ಪೂರ್ತಿ ಉಲ್ಟಾ. ಒಂದು ನುಸಿ, ಒಂದು ಮೊಟ್ಟೆ ಕಂಡರೂ ರೋಗ ಖಚಿತ. ಏನೂ ಕಾಣದಿದ್ದರೆ ಆ ಸ್ಲೈಡಿಗೆ ಬೆಲೆ ಇಲ್ಲ. ಲಕ್ಷಣ ನೋಡಿ ಔಷಧ ಕೊಟ್ಟು, ತುರಿಕೆ ನಿಂತಿತಾ ಅಂತ ನೋಡುವುದೇ ಪರೀಕ್ಷೆ.

ಕೆರೆಯುವುದು

ಬೇಕಾಗಿದ್ದು: 10ನೇ ನಂಬರಿನ ಬ್ಲೇಡು, ಲಿಕ್ವಿಡ್ ಪ್ಯಾರಾಫಿನ್, ಸ್ಲೈಡು, ಕವರ್‌ಸ್ಲಿಪ್ಪು. ಬ್ಲೇಡಿನ ಅಂಚನ್ನು ಮೊದಲೇ ಸ್ವಲ್ಪ ಮೊಂಡು ಮಾಡಿಕೊಳ್ಳಿ. ನಾವು ಕತ್ತರಿಸಬೇಕಾಗಿಲ್ಲ, ಕೆರೆಯಬೇಕು.

ಜಾಗದ ಆಯ್ಕೆ ಮೊದಲು. ಕೆಂಪಾಗಿ ಹೊಸದಾಗಿ ಹರಡುತ್ತಿರುವ ಅಂಚು ಒಳ್ಳೆಯದು. ಕೀವು ತುಂಬಿದ ಹುಣ್ಣಿನ ನಡುವೆ, ಗಟ್ಟಿಯಾದ ಹಳೆ ಚಕ್ಕೆಯ ಮೇಲೆ ಕೆರೆದು ಉಪಯೋಗವಿಲ್ಲ. ಕೂದಲಿದ್ದರೆ ಕತ್ತರಿಸಿ.

ಆಮೇಲೆ ಹಿಂಡಬೇಕು. ಪುಸ್ತಕದಲ್ಲಿ ಈ ಹೆಜ್ಜೆಗೆ ಒಂದೇ ಸಾಲು ಇರುತ್ತದೆ, ಕಣ್ಣು ಅದನ್ನು ದಾಟಿ ಹೋಗುತ್ತದೆ. ನುಸಿ ಇರುವುದು ಗುಳಿಯ ತಳದಲ್ಲಿ. ಬ್ಲೇಡು ಅಲ್ಲಿಗೆ ಇಳಿಯುವುದಿಲ್ಲ. ನುಸಿಯೇ ಮೇಲೆ ಬರಬೇಕು. ಅದಕ್ಕೆ ಚರ್ಮವನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಮಡಚಿ ಹಿಡಿದು ಗಟ್ಟಿಯಾಗಿ ಒತ್ತಬೇಕು. ಕೆರೆಯುವ ಮೊದಲು ಒಮ್ಮೆ, ನಡುವೆ ಮತ್ತೊಮ್ಮೆ. ಬ್ಲೇಡಿಗೆ ಒಂದು ಹನಿ ಪ್ಯಾರಾಫಿನ್ ಹಚ್ಚಿ, ಕೂದಲು ಬೆಳೆಯುವ ದಿಕ್ಕಿನಲ್ಲೇ ಎಳೆಯಿರಿ. ಸಣ್ಣ ಸಣ್ಣ ಕೆಂಪು ಚುಕ್ಕಿ ಜಿನುಗುವವರೆಗೆ ಹೋಗಬೇಕು. ಆ ಚುಕ್ಕಿ ಬಂದರೆ ಸಾಕಷ್ಟು ಆಳ ತಲುಪಿದ್ದೀರಿ ಅಂತ. ರಕ್ತ ಹರಿಯುವಷ್ಟು ಕೆರೆದರೆ ಸ್ಲೈಡ್ ತುಂಬ ರಕ್ತಕಣಗಳೇ ಕಾಣುತ್ತವೆ. ಸಾರ್ಕಾಪ್ಟಿಸ್ ಅನುಮಾನ ಇದ್ದರೆ ಇಷ್ಟು ಆಳ ಬೇಡ. ಅಗಲವಾಗಿ, ಹೆಚ್ಚು ಜಾಗದಲ್ಲಿ, ಮೇಲ್ಪದರ ಮಾತ್ರ ಕೆರೆಯಿರಿ. ಕಿವಿಯಂಚು, ಮೊಣಕೈ, ಹಿಂಗಾಲಿನ ಕೀಲು, ಹೊಟ್ಟೆ ಬಿಡಬೇಡಿ.

ಕಣ್ಣಿನ ಸುತ್ತ, ಬೆರಳ ಸಂದಿಯಲ್ಲಿ ಬ್ಲೇಡು ಆಡಿಸಲು ಆಗುವುದಿಲ್ಲ. ಅಲ್ಲಿ ಫೋರ್ಸೆಪ್ಸಿನಿಂದ 50ರಿಂದ 100 ಕೂದಲನ್ನು ಬೆಳೆಯುವ ದಿಕ್ಕಿಗೇ ಕಿತ್ತು ಪ್ಯಾರಾಫಿನ್‌ನಲ್ಲಿ ಮಲಗಿಸಿ, ಬುಡಗಳನ್ನು ನೋಡಿ. ನವಲಗುಂದ ಭಾಗದ ನಾಯಿಗಳಾದರೆ ಮೊದಲು ಪಾದ ತೊಳೆಯಿರಿ. ಎರಿ ಮಣ್ಣು ಬೆರಳ ಸಂದಿಯಲ್ಲಿ ಕಚ್ಚಿಕೊಂಡಿದ್ದರೆ ಸ್ಲೈಡಿನಲ್ಲಿ ಮಣ್ಣೇ ಜಾಸ್ತಿ.

ಸೂಕ್ಷ್ಮದರ್ಶಕದಲ್ಲಿ 4x, ಆಮೇಲೆ 10x ಸಾಕು. ಬೆಳಕು ಕಡಿಮೆ ಮಾಡಿ, ಕಂಡೆನ್ಸರ್ ಕೆಳಗಿಳಿಸಿ. ನುಸಿಯ ಮೈ ಗಾಜಿನಂತೆ ಪಾರದರ್ಶಕ. ಪೂರ್ತಿ ಬೆಳಕಿನಲ್ಲಿ ಕಣ್ಣೆದುರೇ ಇದ್ದರೂ ಕಾಣುವುದಿಲ್ಲ. ಸ್ಲೈಡಿನ ಒಂದು ಮೂಲೆಯಿಂದ ಶುರು ಮಾಡಿ ಸಾಲು ಸಾಲಾಗಿ ಪೂರ್ತಿ ನೋಡಿ. ಬದುಕಿರುವ ನುಸಿ ಕಾಲು ಆಡಿಸುತ್ತಿರುತ್ತದೆ. ಆರು ಕಾಲು ಇದ್ದರೆ ಮರಿ, ಎಂಟು ಇದ್ದರೆ ಮುಂದಿನ ಹಂತಗಳು. ಡೆಮೊಡೆಕ್ಸ್ ಮೊಟ್ಟೆ ಎರಡೂ ತುದಿ ಚೂಪಾಗಿ ನೂಲುವ ಕದಿರಿನ ಆಕಾರದಲ್ಲಿರುತ್ತದೆ.

ನೋಟ್‌ಬುಕ್ಕಿನಲ್ಲಿ ನಾಯಿಯ ಚಿತ್ರ ಒಂದು ಗೀಚಿ, ಕೆರೆದ ಜಾಗಗಳಿಗೆ ನಂಬರ್ ಹಾಕಿ. ಪಕ್ಕದಲ್ಲಿ ನಾಲ್ಕು ಕಾಲಂ: ಬದುಕಿದ್ದು, ಸತ್ತದ್ದು, ಮರಿ, ಮೊಟ್ಟೆ. ಮುಂದಿನ ತಿಂಗಳು ಅದೇ ಜಾಗ ಕೆರೆಯದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಚಿತ್ರ ಚೆಂದ ಇರಬೇಕಾಗಿಲ್ಲ. ನನ್ನದು ಮೇಕೆಯ ಹಾಗೆ ಇರುತ್ತದೆ, ಕೆಲಸ ನಡೆಯುತ್ತದೆ.

ನೋಡಿದಾಗಲೇ ಸಿಗುವ ಸುಳಿವು

ಮೂರರಿಂದ ಆರು ತಿಂಗಳ ಮರಿ, ಕಣ್ಣಿನ ಸುತ್ತ, ತುಟಿ, ಮುಂಗಾಲಿನಲ್ಲಿ ಕೂದಲಿಲ್ಲದ ಮಚ್ಚೆ, ತುರಿಕೆ ಇಲ್ಲ: ಡೆಮೊಡೆಕ್ಸ್ ಅನುಮಾನ. ಬ್ಯಾಕ್ಟೀರಿಯಾ ಸೇರಿ ಕೀವಾದರೆ ಇದರಲ್ಲೂ ತುರಿಕೆ ಬರುತ್ತದೆ, ಹಾಗಾಗಿ ತುರಿಕೆ ಒಂದನ್ನೇ ನಂಬಬೇಡಿ. ಕಿವಿಯಂಚನ್ನು ಬೆರಳಲ್ಲಿ ಮಡಚಿ ಉಜ್ಜಿದ ಕೂಡಲೇ ಹಿಂಗಾಲು ಕೆರೆಯುವಂತೆ ಆಡಿದರೆ ಸಾರ್ಕಾಪ್ಟಿಸ್ ಕಡೆ ಯೋಚಿಸಿ. ಮನೆಯವರ ಕೈಗೆ, ಸೊಂಟಕ್ಕೆ ಗುಳ್ಳೆ ಎದ್ದಿವೆಯಾ ಅಂತಲೂ ಕೇಳಿ. "ನಮಗೂ ಹತ್ತತೈತೇನ್ರಿ?" ಅಂತ ಅವರೇ ಕೇಳುತ್ತಾರೆ. ಡೆಮೊಡೆಕ್ಸ್ ಹತ್ತುವುದಿಲ್ಲ. ಸಾರ್ಕಾಪ್ಟಿಸ್‌ನಿಂದ ಗುಳ್ಳೆ, ಕಡಿತ ಆಗಬಹುದು. ಅದು ಮನುಷ್ಯರ ಮೈಯಲ್ಲಿ ಸಂತತಿ ಬೆಳೆಸಿ ನಿಲ್ಲುವುದಿಲ್ಲ, ನಾಯಿ ಗುಣವಾದರೆ ಅದೂ ಹೋಗುತ್ತದೆ. ಕಡಿಮೆ ಆಗದಿದ್ದರೆ ಚರ್ಮದ ಡಾಕ್ಟರಿಗೆ ತೋರಿಸಲಿ. ದುಂಡಗಿನ ಮಚ್ಚೆಗೆ ಫಂಗಸ್ ಅನ್ನೂ ಮರೆಯಬೇಡಿ.

ಔಷಧ

ಮಚ್ಚೆ ನಾಲ್ಕಕ್ಕಿಂತ ಹೆಚ್ಚಿಲ್ಲ, ಸಣ್ಣವು, ಮರಿ ಲವಲವಿಕೆಯಿಂದಿದೆ ಅಂದರೆ ಡೆಮೊಡೆಕ್ಸ್‌ಗೆ ಏನೂ ಕೊಡದೆ ಕಾಯಬಹುದು. ಹೆಚ್ಚಿನವು 6ರಿಂದ 8 ವಾರದಲ್ಲಿ ತಾವಾಗೇ ಹೋಗುತ್ತವೆ. ಜಂತುಹುಳುವಿನ ಔಷಧ, ಮೊಟ್ಟೆಯಂಥ ಒಳ್ಳೆಯ ಆಹಾರ ಸಾಕು. ಇದನ್ನು ಮಾಲೀಕರಿಗೆ ಒಪ್ಪಿಸುವುದೇ ಕಷ್ಟ. ಬರಿಗೈಲಿ ಕಳಿಸಿದರೆ ಮೆಡಿಕಲ್ ಶಾಪಿಗೆ ಹೋಗಿ ಮನುಷ್ಯರ ಸ್ಟೆರಾಯ್ಡ್ ಕ್ರೀಮ್ ತರುತ್ತಾರೆ. ಕೆಂಪು ಇಳಿಯುತ್ತದೆ, ನುಸಿ ಏರುತ್ತದೆ. ಸುಟ್ಟ ಎಂಜಿನ್ ಆಯಿಲ್, ಸೀಮೆಎಣ್ಣೆ ಇನ್ನೂ ಕೆಟ್ಟವು. ಮರಿ ನೆಕ್ಕಿಕೊಂಡರೆ ವಿಷ.

ಪೂರ್ತಿ ಮುಖ, ಎರಡು ಅಥವಾ ಹೆಚ್ಚು ಪಾದ, ಇಲ್ಲವೇ ಐದಾರು ಕಡೆ ಹರಡಿದ್ದರೆ ಚಿಕಿತ್ಸೆ ಬೇಕೇ ಬೇಕು. ಈಗ ಡಾಕ್ಟರುಗಳು ಹೆಚ್ಚಾಗಿ ಬರೆಯುವುದು ಉಣ್ಣೆ-ಚಿಗಟಕ್ಕೆ ಅಂತ ಬಂದ ಮಾತ್ರೆಗಳನ್ನು: ಅಫಾಕ್ಸೊಲಾನರ್, ಸರೊಲಾನರ್ ತಿಂಗಳಿಗೊಮ್ಮೆ, ಫ್ಲೂರಲಾನರ್ ಮೂರು ತಿಂಗಳಿಗೊಮ್ಮೆ. ಸಾರ್ಕಾಪ್ಟಿಸ್‌ಗೂ ಇವು ಕೆಲಸ ಮಾಡುತ್ತವೆ. ಹಾಗಾಗಿ ಸ್ಲೈಡ್ ಗೊಂದಲವಾದಾಗಲೂ ಅನುಕೂಲ. ಬೆಲೆ ಜಾಸ್ತಿ. ಫಿಟ್ಸ್ ಬಂದ ಇತಿಹಾಸ ಇದೆಯಾ ಅಂತ ಮೊದಲು ಕೇಳಬೇಕು.

ಅಗ್ಗದ ದಾರಿ ನುಸಿ ಕೊಲ್ಲುವ ಅಮಿಟ್ರಾಜ್ ಔಷಧ ಕಲಸಿದ ನೀರಿನ ಸ್ನಾನ. ಡೋಸ್ ಬರೆಯುವುದು ಡಾಕ್ಟರು, ಅಳೆದು ಕಲಸುವುದು ನಾವು. ಶೇಕಡಾವಾರು ನೋಡಿದರೆ ತಲೆ ತಿರುಗುತ್ತದೆ ಅನ್ನುವವರಿಗೆ ನನ್ನ ಅಡ್ಡದಾರಿ: ಶೇಕಡಾವಾರನ್ನು 10ರಿಂದ ಗುಣಿಸಿ, ಒಂದು ಮಿಲಿಯಲ್ಲಿ ಎಷ್ಟು ಮಿಲಿಗ್ರಾಂ ಅಂತ ಸಿಗುತ್ತದೆ. 12.5% ಬಾಟಲಿ ಅಂದರೆ ಮಿಲಿಗೆ 125 ಮಿಲಿಗ್ರಾಂ. ನಮಗೆ ಬೇಕಾಗಿದ್ದು 0.05%, ಅಂದರೆ ಮಿಲಿಗೆ 0.5, ಲೀಟರಿಗೆ 500 ಮಿಲಿಗ್ರಾಂ. 500ನ್ನು 125ರಿಂದ ಭಾಗಿಸಿದರೆ 4. ಒಂದು ಲೀಟರ್ ನೀರಿಗೆ 4 ಮಿಲಿ. 0.025% ಬರೆದಿದ್ದರೆ 2 ಮಿಲಿ. ಬಾಟಲಿ 5% ಆಗಿದ್ದರೆ ಅದೇ 0.05%ಗೆ 10 ಮಿಲಿ ಬೇಕು. ಅದಕ್ಕೇ "ಲೀಟರಿಗೆ 4" ಅಂತ ಬಾಯಿಪಾಠ ಮಾಡಬೇಡಿ, ಪ್ರತಿ ಸಲ ಲೇಬಲ್ ಓದಿ.

ಕೂದಲು ಕತ್ತರಿಸಿ, ಬೆಂಜಾಯಿಲ್ ಪೆರಾಕ್ಸೈಡ್ ಶಾಂಪೂ ಹಾಕಿ, ಹತ್ತು ನಿಮಿಷ ಬಿಟ್ಟು ತೊಳೆದು ಒರೆಸಿ. ಶಾಂಪೂ ಗುಳಿಗಳನ್ನು ತೆರೆದುಕೊಡುತ್ತದೆ. ಆಮೇಲೆ ಅಮಿಟ್ರಾಜ್ ನೀರು. ತೊಳೆಯಬೇಡಿ, ಮೈಮೇಲೇ ಒಣಗಬೇಕು. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇದೇ ದೊಡ್ಡ ತಾಪತ್ರಯ. ಅಂಗಳಕ್ಕೆ ಬಿಟ್ಟರೆ ಪಾದದ ಔಷಧ ಅರ್ಧ ಗಂಟೆಯಲ್ಲಿ ಕೊಚ್ಚಿಹೋಗುತ್ತದೆ. ಕೈಗವಸು ಹಾಕಿ, ಕಿಟಕಿ ತೆರೆದಿಡಿ. ಸಕ್ಕರೆ ಕಾಯಿಲೆ ಇರುವವರು ಈ ಕೆಲಸದಿಂದ ದೂರ ಇರಬೇಕು. ನಾಯಿ ಆ ದಿನ ಮಂಕಾಗಬಹುದು. ತೀರಾ ಎಚ್ಚರ ತಪ್ಪಿದಂತೆ ಕಂಡರೆ ಡಾಕ್ಟರಿಗೆ ಹೇಳಿ.

ನುಸಿಗೆ ಕೊಡುವ ಇನ್ನೊಂದು ಔಷಧ ಐವರ್‌ಮೆಕ್ಟಿನ್ ಬಗ್ಗೆ ಎರಡು ಮಾತು. ವಾರಕ್ಕೋ ಹದಿನೈದು ದಿನಕ್ಕೋ ಒಂದು ಸೂಜಿ ಸಾರ್ಕಾಪ್ಟಿಸ್‌ಗೆ ನಡೆಯುತ್ತದೆ. ಡೆಮೊಡೆಕ್ಸ್‌ಗೆ ಅದು ಸಾಲದು, ಅಲ್ಲಿ ದಿನಾ ಬಾಯಿಂದ ಕೊಡಬೇಕು, ಕಡಿಮೆಯಿಂದ ಏರಿಸುತ್ತಾ. ದನ-ಕುರಿಗೆ ಬಳಸುವ 1% ಸೂಜಿಮದ್ದಿನ ಒಂದು ಮಿಲಿಯಲ್ಲಿ 10 ಮಿಲಿಗ್ರಾಂ ಇರುತ್ತದೆ. ಐದು ಕೆಜಿ ಮರಿಗೆ ಒಂದು ಮಿಲಿ ಹಾಕಿದರೆ ಕೆಜಿಗೆ 2 ಮಿಲಿಗ್ರಾಂ. ಡೆಮೊಡೆಕ್ಸ್‌ಗೆ ಕೊಡುವ ಅತಿ ಹೆಚ್ಚಿನ ಡೋಸೇ ಕೆಜಿಗೆ 0.6 ಮಿಲಿಗ್ರಾಂ. ಕೋಲಿ ಜಾತಿಯ ನಾಯಿಗಳಲ್ಲಿ ಒಂದು ಜೀನ್ ದೋಷದಿಂದ ಔಷಧ ಮಿದುಳಿಗೆ ನುಗ್ಗುತ್ತದೆ, ಕಡಿಮೆ ಡೋಸೂ ಅಪಾಯ.

ಯಾವಾಗ ನಿಲ್ಲಿಸುವುದು

ಕೂದಲು ಬಂತು ಅಂತ ನಿಲ್ಲಿಸಬಾರದು. ಕೂದಲು ಮೊದಲು ಬರುತ್ತದೆ, ನುಸಿ ಆಮೇಲೆ ಹೋಗುತ್ತದೆ. ತಿಂಗಳಿಗೊಮ್ಮೆ ಅದೇ ಜಾಗ ಕೆರೆದು, ಸತ್ತ ನುಸಿ, ಮೊಟ್ಟೆ ಕೂಡ ಇಲ್ಲದ ಫಲಿತಾಂಶ ಸತತ ಎರಡು ಸಲ ಬರಬೇಕು. ಅದಾದ ಮೇಲೂ ಒಂದು ತಿಂಗಳು ಔಷಧ ಮುಂದುವರಿಸುತ್ತಾರೆ. ನಡುವೆ ಮೊಟ್ಟೆ, ಮರಿಯ ಕಾಲಂ ಇಳಿಯುತ್ತಿದ್ದರೆ ದಾರಿ ಸರಿ. ತಿಂಗಳಾದರೂ ಅಷ್ಟೇ ಇದ್ದರೆ ಡಾಕ್ಟರಿಗೆ ತೋರಿಸಿ, ಔಷಧ ಬದಲಿಸಬೇಕಾಗಬಹುದು.

ಮುಧೋಳ ನಾಯಿ ಸಾಕಿದವರು ಕೊನೆಗೆ ಕೇಳುವುದು ಒಂದೇ: "ಆರಾಮ ಆದ ಮ್ಯಾಲೆ ಮರಿ ಹಾಕಿಸಬಹುದಲ್ರಿ?" ಮೈತುಂಬ ಹರಡಿದ್ದ ಡೆಮೊಡೆಕ್ಸ್ ಆದರೆ ಉತ್ತರ ಬೇಡ ಅಂತ. ದೌರ್ಬಲ್ಯ ಮರಿಗಳಿಗೂ ಹೋಗುತ್ತದೆ. ಹೆಣ್ಣಾದರೆ ಬೆದೆಯ ಸಮಯದಲ್ಲಿ ರೋಗ ಮರುಕಳಿಸುವ ಸಾಧ್ಯತೆಯೂ ಇದೆ, ಸಂತಾನಹರಣ ಆಪರೇಷನ್ ಮಾಡಿಸುವುದೇ ಒಳ್ಳೆಯದು. ಒಂದೆರಡು ಮಚ್ಚೆ ಬಂದು ತಾನಾಗೇ ಹೋದ ಮರಿಗೆ ಈ ಮಾತು ಇಷ್ಟು ಕಟ್ಟುನಿಟ್ಟಾಗಿ ಅನ್ವಯಿಸುವುದಿಲ್ಲ.